ತಂಗಿಯ ಸೀಮಂತ ಶ್ರಾವಣದಲ್ಲಿ, ಆದರೆ ಅವಳಿಗೆ ಮಲ್ಲಿಗೆ ಘಮ ಆಗಿಬರುತ್ತಿಲ್ಲ. ಹೂವಿಗೆ ಏನು ಮಾಡಲಿ?

ಸಾಗರದ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಈಗ ಆರು ತಿಂಗಳು. ವರಮಹಾಲಕ್ಷ್ಮಿ ಹಬ್ಬ ಆದ ಮೇಲೆ ಬರುವ ಭಾನುವಾರ, ಸಾಗರದ ಹತ್ತಿರ ನಮ್ಮ ಅಮ್ಮನ ಮನೆಯಲ್ಲೇ ಸೀಮಂತ ಇಟ್ಟುಕೊಂಡಿದ್ದೇವೆ. ಇನ್ನು ಐದು ವಾರ ಇದೆ. ಎಂಬತ್ತು ಜನ ಆಗಬಹುದು. ನಾನಿರುವುದು ಬೆಂಗಳೂರಿನಲ್ಲಿ. ಅಲಂಕಾರ ಪೂರ್ತಿ ನನ್ನ ಪಾಲಿಗೆ ಬಂದಿದೆ.

ತೊಂದರೆ ಹೂವಿನ ಘಮದ್ದು. ಬಸುರಿಯಾದಾಗಿನಿಂದ ಅವಳಿಗೆ ವಾಸನೆ ಜಾಸ್ತಿ ಇರುವ ಯಾವ ಹೂವೂ ಆಗಿಬರುತ್ತಿಲ್ಲ. ಹೋದ ತಿಂಗಳು ಒಂದು ಮದುವೆಗೆ ಹೋಗಿದ್ದೆವು. ಬಾಗಿಲಿನಿಂದ ಮಂಟಪದವರೆಗೂ ಸುಗಂಧರಾಜದ ಮಾಲೆ. ಹತ್ತು ನಿಮಿಷಕ್ಕೆ ಹೊರಗೆ ಓಡಿ ಬಂದು ವಾಂತಿ ಮಾಡಿಕೊಂಡಳು. ಮಲ್ಲಿಗೆ ಮುಡಿದವರು ಪಕ್ಕದಲ್ಲಿ ಕೂತರೂ ತಲೆ ತಿರುಗುತ್ತದೆ ಎನ್ನುತ್ತಾಳೆ. ಮುಂಚೆ ದಿನಾ ಮಲ್ಲಿಗೆ ಮುಡಿಯುತ್ತಿದ್ದವಳು ಅವಳು. ಸೀಮಂತ ಎಂದರೇ ಹೂ ಮುಡಿಸುವ ಶಾಸ್ತ್ರ, ಅಲ್ವಾ? ಹೂವೇ ಇಲ್ಲದೆ ಹೇಗೆ?

ಒಬ್ಬ ಡೆಕೊರೇಟರ್ ಹತ್ತಿರ ಕೇಳಿದೆ. ಹಿಂದೆ ಪ್ಲಾಸ್ಟಿಕ್ ಹೂವಿನ ಗೋಡೆ, ಎರಡು ಬದಿಗೆ ಹಸಿರು ಸ್ಪಂಜಿನಲ್ಲಿ ಚುಚ್ಚಿದ ಜರ್ಬೆರಾ, ಆರ್ಕಿಡ್. 26 ಸಾವಿರ ಎಂದರು. ಅಮ್ಮ "ಅದೇ ಆಗಲಿ, ಫೋಟೋಗೆ ಚೆನ್ನಾಗಿರುತ್ತೆ" ಎನ್ನುತ್ತಾಳೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಮಣೆ ಮೇಲೆ ಕೂತ ಹುಡುಗಿಯ ಹಿಂದೆ ಒಂದಾದರೂ ಜೀವ ಇರುವ ಹೂವು ಬೇಡವೇ?

ಆ ಹೊತ್ತಿಗೆ ಅಲ್ಲಿ ಸಿಗುವ, ಘಮ ಇಲ್ಲದ ಹೂವು ಯಾವುದು? ಆ ಮಳೆಯಲ್ಲಿ ಹೂವನ್ನು ಒಂದು ದಿನ ಉಳಿಸಿಕೊಳ್ಳುವುದು ಹೇಗೆ? ಬಂದ ಹೆಂಗಸರಿಗೆ ತಾಂಬೂಲದ ಜೊತೆ ಕೊಡಲು ಏನಾದರೂ ಇದ್ದರೆ ಅದನ್ನೂ ಹೇಳಿ.

ಹೂವಿನಂಗಡಿ ಹುಡುಗ

ಅಕ್ಕ, ಬೆಂಗಳೂರಿನಲ್ಲಿ ನಮ್ಮದು ಹೂವಿನ ಅಂಗಡಿ, ಅಪ್ಪನ ಕಾಲದಿಂದ. ನಸುಕಿನಲ್ಲಿ ಎದ್ದು ಕೆ.ಆರ್. ಮಾರ್ಕೆಟ್ಟಿಗೆ ಹೋಗುವುದು ನನ್ನ ಕೆಲಸ. ವರಮಹಾಲಕ್ಷ್ಮಿಗೆ ಎರಡು ಮೂರು ದಿನ ಮುಂಚಿನಿಂದ ರೇಟು ಏರುತ್ತದೆ. ಕನಕಾಂಬರ, ಮಲ್ಲಿಗೆ ಮುಟ್ಟುವ ಹಾಗೇ ಇರುವುದಿಲ್ಲ. ಶುಕ್ರವಾರ ಪೂಜೆ ಮುಗಿಯಿತೋ, ಇಳಿಯುತ್ತದೆ. ಆದ್ದರಿಂದ ಕೊಳ್ಳುವ ಹೂವೇನಿದ್ದರೂ ಹಬ್ಬಕ್ಕೆ ಮುಂಚೆ ಕೊಂಡು ಇಟ್ಟುಕೊಳ್ಳಬೇಡಿ. ಶನಿವಾರ ಬೆಳಿಗ್ಗೆ ಕೊಂಡು ರಾತ್ರಿ ಬಸ್ಸಿಗೆ ಹೊರಡಿ.

ಜರ್ಬೆರಾಕ್ಕೆ ಘಮ ಇಲ್ಲ, ಉದ್ದ ದಂಟಿನ ಗುಲಾಬಿಗೆ ತುಂಬಾ ಕಮ್ಮಿ. ಗುಲಾಬಿ ಇಲ್ಲಿ 20 ಹೂವಿನ ಕಟ್ಟಿನಲ್ಲಿ ಸಿಗುತ್ತದೆ. ಲಿಲ್ಲಿ ಮಾತ್ರ ತರಲೇಬೇಡಿ, ಅದರ ವಾಸನೆ ಸುಗಂಧರಾಜಕ್ಕಿಂತ ಕಮ್ಮಿಯೇನಲ್ಲ.

ಆ ಹಸಿರು ಸ್ಪಂಜಿನ ಬಗ್ಗೆ ಒಂದು ಮಾತು. ಅದು ಗಿಡದಿಂದ ಬಂದದ್ದಲ್ಲ. ಫೀನಾಲ್, ಫಾರ್ಮಾಲ್ಡಿಹೈಡ್‌ನಿಂದ ಮಾಡುವ ಪ್ಲಾಸ್ಟಿಕ್ ನೊರೆ. ಮಣ್ಣಿನಲ್ಲಿ ಕರಗುವುದಿಲ್ಲ, ಪುಡಿಪುಡಿಯಾಗಿ ಹಾಗೇ ಉಳಿಯುತ್ತದೆ. ನಮ್ಮ ಅಂಗಡಿಯಲ್ಲೂ ಬಳಸುತ್ತಿದ್ದೆವು. ಒಣಗಿದ್ದನ್ನು ಪುಡಿ ಮಾಡುವಾಗ ಕಣ್ಣು, ಗಂಟಲು ಉರಿಯುತ್ತಿತ್ತು. ಅಪ್ಪನೇ ಒಂದು ದಿನ ಬೇಡ ಎಂದರು. ಈಗ ಕೋಳಿ ಜಾಲರಿಯನ್ನು ಉಂಡೆ ಮಾಡಿ ಪಾತ್ರೆಯಲ್ಲಿಟ್ಟು ಅದರ ಕಣ್ಣಿನಲ್ಲಿ ದಂಟು ತೂರಿಸುತ್ತೇವೆ. ನೀರು ಬದಲಾಯಿಸುವುದೂ ಸುಲಭ.

ಡೇರೆ ಅತ್ತೆ

ತಂಗೀ, ನೀನು ಅಂತಲೇ ಕರೆಯುತ್ತೇನೆ, ನನಗೆ ಅರವತ್ತೆರಡು. ಸಿದ್ದಾಪುರ ತಾಲೂಕಿನವಳು. ನಿಮ್ಮೂರಿಗೆ ಜಾಸ್ತಿ ದೂರ ಇಲ್ಲ.

ಶ್ರಾವಣದಲ್ಲಿ ಸಾಗರದ ಕಡೆ ತವರು ಮನೆ ಇಟ್ಟುಕೊಂಡು ಹೂವಿಗೆ ಯಾಕೆ ಇಷ್ಟು ಯೋಚನೆ? ನಿಮ್ಮಮ್ಮನ ಅಂಗಳದಲ್ಲಿ ಡೇರೆ, ಅದೇ ಡೇಲಿಯಾ ಹೂವು, ಇಲ್ಲವೇ? ಇಲ್ಲದಿದ್ದರೂ ಪಕ್ಕದ ಮನೆಯಲ್ಲಿ ಇದ್ದೇ ಇರುತ್ತದೆ. ಡೇರೆಗೆ ಘಮವೇ ಇಲ್ಲ. ಮೂಗಿಗೆ ಹಿಡಿದರೆ ಹಸಿ ಎಲೆಯ ವಾಸನೆ, ಅಷ್ಟೆ. ನನ್ನ ಅತ್ತೆ "ಇಷ್ಟು ಚೆಂದ ಇದ್ದು ಪರಿಮಳ ಇಲ್ಲವಲ್ಲ" ಎಂದು ಜೀವನ ಪೂರ್ತಿ ಕೊರಗಿದರು. ನಿನ್ನ ತಂಗಿಗೆ ಬೇಕಾಗಿರುವುದು ಅದೇ.

ನಮ್ಮ ಅಂಗಳದಲ್ಲಿ ಈ ವರ್ಷ 41 ಗಿಡ. ಮೇ ಕೊನೆಯಲ್ಲಿ ಗೆಡ್ಡೆ ನೆಟ್ಟದ್ದು. ಊಟದ ತಟ್ಟೆಯಷ್ಟು ಅಗಲದ ಬಿಳಿ ಇದೆ. ಕೆಂಪಿಗೆ ಬಿಳಿ ತುದಿ ಇರುವುದಿದೆ. ನಿಂಬೆಹಣ್ಣಿನ ಗಾತ್ರದ, ಎಸಳೆಲ್ಲ ಒಳಗೆ ಸುರುಳಿ ಸುತ್ತಿದ ಹಳದಿ ಇದೆ. ಒಂದೊಂದು ಗೆಡ್ಡೆಯೂ ಒಂದೊಂದು ಮನೆಯಿಂದ ಬಂದದ್ದು. ಕೊಟ್ಟವರ ಹೆಸರೇ ಗಿಡಕ್ಕೆ. ನೇರಳೆಯದನ್ನು ಈಗಲೂ ದೊಡ್ಡತ್ತೆ ಡೇರೆ ಎನ್ನುತ್ತೇವೆ. ಅವರು ಹೋಗಿ ಹದಿನಾಲ್ಕು ವರ್ಷ ಆಯಿತು.

ಈಗ ಕೆಲಸದ ಮಾತು. ಗುಲಾಬಿಯ ಹಾಗೆ ಡೇರೆಯನ್ನು ಮೊಗ್ಗಿನಲ್ಲಿ ಕೊಯ್ದು ನೀರಿನಲ್ಲಿಟ್ಟರೆ ಅರಳುವುದಿಲ್ಲ. ಪೂರ್ತಿ ಅರಳಿದ್ದನ್ನೇ ಕೊಯ್ಯಬೇಕು. ಹಾಗೆಂದು ಹಳೆಯದಾದರೆ ಮಧ್ಯಾಹ್ನಕ್ಕೇ ಎಸಳು ಉದುರುತ್ತದೆ. ಗುರುತು ಹೇಗೆ ಎಂದರೆ, ಹೂವನ್ನು ತಿರುಗಿಸಿ ಬೆನ್ನು ನೋಡು. ದಂಟಿಗೆ ತಾಗಿದ ಹಿಂದಿನ ಸಾಲಿನ ಎಸಳು ಗಟ್ಟಿ ಇದ್ದರೆ ಒಳ್ಳೆಯದು. ಅದು ಮೆತ್ತಗಾಗಿ ಕಂದು ತಿರುಗಿದ್ದರೆ ಮುಂದೆ ಎಷ್ಟು ಚೆಂದ ಕಂಡರೂ ಬಿಡು.

ಮಳೆಯದ್ದೇ ದೊಡ್ಡ ಕಾಟ. ದೊಡ್ಡ ಹೂವು ನೀರು ತುಂಬಿಕೊಂಡು ತಲೆ ಬಗ್ಗಿಸುತ್ತದೆ, ಕತ್ತು ಮುರಿದುಕೊಳ್ಳುತ್ತದೆ. ನಾನು ನಾಲ್ಕು ದಿನ ಮುಂಚೆ ಬೇಕಾದ ಹೂವುಗಳನ್ನು ನೋಡಿಟ್ಟುಕೊಂಡು, ಒಂದೊಂದರ ಮೇಲೂ ಅಡಿಕೆ ಹಾಳೆಯನ್ನು ಕೊಡೆಯ ಹಾಗೆ ಗೂಟಕ್ಕೆ ಕಟ್ಟುತ್ತೇನೆ. ಹಾಳೆ ಹೂವಿಗೆ ತಾಗಬಾರದು, ಒಂದು ಗೇಣು ಮೇಲಿರಬೇಕು. ನೋಡಿದವರಿಗೆ ಅಂಗಳದ ತುಂಬ ಟೋಪಿ ಹಾಕಿದ ಮಕ್ಕಳು ನಿಂತ ಹಾಗೆ ಕಾಣುತ್ತದೆ.

ಕೊಯ್ಯುವುದು ಹಿಂದಿನ ದಿನ ಸಂಜೆ ಅಥವಾ ಅದೇ ದಿನ ಬೆಳಗಿನ ಜಾವ. ಕೊಯ್ದ ಕೂಡಲೇ ತಲೆಕೆಳಗೆ ಹಿಡಿದು ಮೆಲ್ಲಗೆ ಕೊಡವು. ನೀರೂ ಬೀಳುತ್ತದೆ, ಒಳಗೆ ಕೂತ ಇರುವೆಯೂ ಬೀಳುತ್ತದೆ. ಕೆಳಗಿನ ಎಲೆ ಎಲ್ಲ ತೆಗೆದುಬಿಡು. ಆಮೇಲೆ ಮುಖ್ಯ ಕೆಲಸ. ಒಂದು ಬಕೆಟ್ಟಿನಲ್ಲಿ ನಾಲ್ಕು ಬೆರಳು ಬಿಸಿ ನೀರು ಹಾಕು. ಕುದಿಯುವ ನೀರಲ್ಲ, ಕೈ ಇಟ್ಟರೆ ತಟ್ಟನೆ ಎಳೆದುಕೊಳ್ಳುವಷ್ಟು ಬಿಸಿ. ದಂಟನ್ನು ಓರೆಯಾಗಿ ಕತ್ತರಿಸಿ ಅದರಲ್ಲಿ ನಿಲ್ಲಿಸು. ಹಬೆ ಹೂವಿನ ಮುಖಕ್ಕೆ ಹೊಡೆಯದ ಹಾಗೆ ನೋಡಿಕೋ. ನೀರು ತಣ್ಣಗಾಗುವವರೆಗೆ, ಸುಮಾರು ಒಂದು ಗಂಟೆ ಬಿಡು. ಆಮೇಲೆ ತಣ್ಣೀರಿಗೆ ಹಾಕಿ ಕತ್ತಲ ಕೋಣೆಯಲ್ಲಿ ಇಟ್ಟರೆ ನಾಲ್ಕು ದಿನ ಬಾಡುವುದಿಲ್ಲ. ಹೀಗೆ ಮಾಡದೆ ಸುಮ್ನೆ ನೀರಿಗೆ ಹಾಕಿದ್ದು ಎರಡನೇ ದಿನಕ್ಕೇ ಸೋಲುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ದೇನೆ.

ಸ್ಪಂಜು ಬೇಡ, ಬಾಳೆದಿಂಡು ಇದೆಯಲ್ಲ. ಗೊನೆ ಕಡಿದ ಬಾಳೆಯ ಕಾಂಡವನ್ನು ಒಂದೊಂದು ಗೇಣಿಗೆ ತುಂಡು ಮಾಡು. ಒಂದು ತುಂಡು ಎಂದರೆ ಒಂದು ಹೂದಾನಿ. ಅದರ ಮೈ ತುಂಬ ನೀರು, ಒಂದು ದಿನಕ್ಕೆ ಧಾರಾಳ ಸಾಕು. ಆದರೆ ಡೇರೆ ದಂಟು ಒಳಗೆ ಪೊಳ್ಳು. ನೇರವಾಗಿ ಚುಚ್ಚಿದರೆ ಮುದುಡಿಹೋಗುತ್ತದೆ. ಮೊದಲು ಕಡ್ಡಿಯಿಂದ ತೂತು ಮಾಡಿಕೋ. ಮುರಿದ ಕೊಡೆಯ ಕಡ್ಡಿ ಇದಕ್ಕೆ ಹೇಳಿ ಮಾಡಿಸಿದ್ದು. ಮೇಲಿಂದ ಮೂರು ತೂತು, ಪಕ್ಕದಿಂದ ಓರೆಯಾಗಿ ಐದಾರು. ದೊಡ್ಡ ಹೂವು ಕೆಳಗೆ, ಸಣ್ಣದು ಮೇಲೆ. ನಡುವೆ ಕಾಣುವ ದಿಂಡಿಗೆ ಜರೀಗಿಡದ ಎಲೆ ಸಿಕ್ಕಿಸು. ಈ ಮಳೆಗೆ ನಿಮ್ಮ ಚಿರೆಕಲ್ಲಿನ ಗೋಡೆಯ ಮೇಲೆಲ್ಲ ಅದು ಬೆಳೆದಿರುತ್ತದೆ.

ಒಂದು ಎಚ್ಚರ. ಬಾಳೆಯ ಸೊನೆ ಬಟ್ಟೆಗೆ ತಾಗಿದರೆ ಆ ಕಲೆ ಹೋಗುವುದಿಲ್ಲ. ಯಾವ ಸಾಬೂನಿಗೂ ಹೋಗುವುದಿಲ್ಲ. ಹಿಂದಿನ ದಿನವೇ ಕಡಿದು, ರಾತ್ರಿ ಪೂರ್ತಿ ಓರೆಯಾಗಿ ನಿಲ್ಲಿಸಿ ಸೊನೆ ಇಳಿಸು. ಬೆಳಿಗ್ಗೆ ಒರೆಸಿ, ಕೆಳಗೆ ತಟ್ಟೆ ಇಟ್ಟು ಆಮೇಲೆ ಕೂರಿಸು. ತಂಗಿಯ ಸೀರೆ ಸೆರಗು ಅಲ್ಲಿಗೆ ತಾಗದಷ್ಟು ದೂರ ಇರಲಿ.

ಎಲ್ಲ ಬಣ್ಣ ಒಟ್ಟಿಗೆ ತುರುಕಬೇಡ. ತಂಗಿ ಉಡುವ ಸೀರೆ ಹಸಿರಾದರೆ ಹಿಂದೆ ಬಿಳಿ ಮತ್ತು ಹಳದಿ ಇಡು. ಕೆಂಪು, ನೇರಳೆ ಬಾಗಿಲಿಗೆ ಇರಲಿ. ಕತ್ತು ಮುರಿದ ಹೂವನ್ನು ಎಸೆಯಬೇಡ. ಕಂಚಿನ ಹರಿವಾಣಕ್ಕೆ ನೀರು ತುಂಬಿ ತೇಲಿಬಿಡು. ಜಗಲಿಯ ಮೇಲೆ ಹತ್ತುವವರಿಗೆ ಮೊದಲು ಕಾಣುವುದು ಅದೇ ಆಗಲಿ.

ಸಾಗರದ ಅಕ್ಕ

ಅತ್ತೆ, ಓದಿ ಕಣ್ಣು ತುಂಬಿ ಬಂತು. ಅಮ್ಮನಿಗೆ ಫೋನ್ ಮಾಡಿದೆ. ನಮ್ಮಲ್ಲಿ ಇರುವುದು ಒಂಬತ್ತೇ ಗಿಡ. ಅದರಲ್ಲಿ ಬಿಳಿ ಎರಡು. ಇದು ಸಾಕಾಗುತ್ತದಾ? ಇನ್ನು ಜಡೆಗೆ ಏನು ಮಾಡುವುದು? ಡೇರೆಯನ್ನು ಜಡೆಗೆ ಕಟ್ಟಿದರೆ ಭಾರ ಆಗುವುದಿಲ್ಲವೇ?

ಕಾಪುವಿನವಳು

ಜಡೆಗೆ ಅಬ್ಬಲಿಗೆ ಕಟ್ಟಿ. ನೀವು ಕನಕಾಂಬರ ಎನ್ನುವುದನ್ನು ನಾವು ಕರಾವಳಿಯವರು ಅಬ್ಬಲಿಗೆ ಎನ್ನುತ್ತೇವೆ. ಅದಕ್ಕೂ ಘಮ ಇಲ್ಲ. ಹತ್ತಿಯಷ್ಟು ಹಗುರ, ಸಂಜೆವರೆಗೂ ಬಣ್ಣ ಬಿಡುವುದಿಲ್ಲ. ಮಳೆಗಾಲದಲ್ಲಿ ಸ್ವಲ್ಪ ಕಮ್ಮಿ ಸಿಗುತ್ತದೆ, ಮೊದಲೇ ಹೇಳಿಡಿ. ಜಡೆಯ ಉದ್ದಕ್ಕೂ ಅಬ್ಬಲಿಗೆ, ನಡುನಡುವೆ ನಿಂಬೆ ಗಾತ್ರದ ಡೇರೆ ಮೂರೇ ಮೂರು. ಸಾಕು.

ನಮ್ಮ ಮನೆಯಲ್ಲಿ ಶಂಕರಪುರ ಮಲ್ಲಿಗೆ ಕಟ್ಟಿಯೇ ನಾನು ಓದಿದ್ದು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಕಟ್ಟುವುದು. ಇಷ್ಟು ಮಲ್ಲಿಗೆ ಕಟ್ಟಿದವಳೇ ಹೇಳುತ್ತಿದ್ದೇನೆ, ಆಗಿಬರದ ಹುಡುಗಿಗೆ ಮಲ್ಲಿಗೆ ಒತ್ತಾಯ ಮಾಡಬೇಡಿ. ನನ್ನ ಸೀಮಂತದ ದಿನ ಹಿರಿಯರು "ಇದು ಶಾಸ್ತ್ರ" ಎಂದು ತಲೆ ತುಂಬ ಮುಡಿಸಿದರು. ಆ ದಿನ ನಾನು ಒಂದು ತುತ್ತು ಉಣ್ಣಲಿಲ್ಲ. ಅಮ್ಮನಿಗೆ ಸಮಾಧಾನ ಬೇಕಾದರೆ ಶಾಸ್ತ್ರದ ಹೊತ್ತಿಗೆ ನಾಲ್ಕೇ ಮೊಗ್ಗು ಮುಡಿಸಿ. ಅರಳಿದ ಹೂವಲ್ಲ, ಬಿಗಿ ಮೊಗ್ಗು. ಬೆಳಿಗ್ಗೆ ಮೊಗ್ಗಿಗೆ ಅಷ್ಟು ಘಮ ಇರುವುದಿಲ್ಲ, ಅರಳುವುದು ಸಂಜೆಗೆ. ಅಷ್ಟರಲ್ಲಿ ತೆಗೆದರಾಯಿತು.

ನಾಗರ ಪಂಚಮಿಗೆ ನಮ್ಮಲ್ಲಿ ಹಿಂಗಾರ ಬೇಕೇ ಬೇಕು, ಅಡಿಕೆಯ ಹೂಗೊನೆ. ಅದನ್ನು ನೀವೂ ಬಾಗಿಲಿಗೆ ಇಡಬಹುದು. ಹಾಳೆ ಬಿಚ್ಚದ ಗೊನೆಯನ್ನೇ ತನ್ನಿ. ಜನ ಬರುವ ಹೊತ್ತಿಗೆ ಉಗುರಿನಿಂದ ಹಾಳೆ ಸೀಳಿ. ಒಳಗೆ ಒತ್ತಿ ಮಲಗಿದ್ದ ಬೆಣ್ಣೆ ಬಣ್ಣದ ಎಳೆಗಳು ಒಂದೊಂದಾಗಿ ಬಿಚ್ಚಿಕೊಂಡು ಹೊರಗೆ ಚೆಲ್ಲುತ್ತವೆ. ಭತ್ತದ ಕಾಳಿನಂಥ ಮೊಗ್ಗು ನೂರಾರು. ಸಣ್ಣಗೆ ಪರಿಮಳ ಇದೆ, ಆದ್ದರಿಂದ ತಂಗಿ ಕೂರುವ ಕೋಣೆಗೆ ಬೇಡ. ಅಂಗಳದ ಚಪ್ಪರದ ಕಂಬಕ್ಕೆ ಸಾಕು.

ಡೇರೆ ಅತ್ತೆ

ಕಾಪುವಿನ ತಂಗಿ ಹೇಳಿದ್ದು ನೂರಕ್ಕೆ ನೂರು ಸರಿ.

ಒಂಬತ್ತು ಗಿಡದಿಂದ ಆ ದಿನಕ್ಕೆ ಇಪ್ಪತ್ತು ಹೂವು ಸಿಕ್ಕರೆ ಹೆಚ್ಚು. ನಾಚಿಕೆ ಪಡದೆ ಕೇರಿಯಲ್ಲಿ ಕೇಳು. ಡೇರೆ ಬೆಳೆಸುವವರು ಹೂವು ಕೊಡುವುದಿಲ್ಲ ಎನ್ನುವುದಿಲ್ಲ. ನೋಡಲು ಜನ ಬರಲಿ ಎಂದೇ ಬೆಳೆಸುತ್ತೇವೆ. ಮನೆಗೆ ನಾಲ್ಕು ಹೂವಿನಂತೆ ಹತ್ತು ಮನೆ ಸಾಕು. ಹಿಂದಿನ ಗೋಡೆಗೆ ತೆಂಗಿನ ಗರಿ ಹೆಣೆದು ನಿಲ್ಲಿಸು, ಆಗ ಹೂವು ಕಮ್ಮಿ ಇದ್ದರೂ ತುಂಬಿದ ಹಾಗೆ ಕಾಣುತ್ತದೆ.

ಈ ತಿಂಗಳು ಬೇಲಿಯ ಮೇಲೆ ಅಗ್ನಿಶಿಖೆ ಅರಳಿರುತ್ತದೆ. ನಮ್ಮ ಕಡೆ ಗೌರಿ ಹೂ ಎನ್ನುತ್ತಾರೆ. ಕೆಂಪು ಹಳದಿ, ಉರಿ ಎದ್ದ ಹಾಗೆ. ಚೆಂದ ಕಂಡಿತೆಂದು ತಂದುಬಿಡಬೇಡ. ಅದರ ಗೆಡ್ಡೆ, ಬೀಜ, ಎಲೆ ಎಲ್ಲವೂ ವಿಷ. ಬಸುರಿ ಇರುವ, ಮಕ್ಕಳು ಓಡಾಡುವ ಮನೆಗೆ ಬೇಡವೇ ಬೇಡ. ಕಣಗಿಲೆಯೂ ವಿಷವೇ. ದೇವರಿಗೆ ಏರಿಸಿದರೆ ಸರಿ, ಊಟದ ಎಲೆಯ ಹತ್ತಿರ, ಹಣ್ಣಿನ ತಟ್ಟೆಯ ಮೇಲೆ ಇಡಬಾರದು. ತಟ್ಟೆ ಅಲಂಕಾರಕ್ಕೆ ದಾಸವಾಳ ಇಡು.

ತಾಂಬೂಲದ ಜೊತೆ ಕೊಡಲು ಡೇರೆ ಗಿಡವನ್ನೇ ಕೊಡು. ನಿನಗೆ ಐದು ವಾರ ಇದೆ. ಅಮ್ಮನಿಗೆ ಹೇಳಿ ಇವತ್ತೇ ಬುಡದಿಂದ ಬಂದ ಚಿಗುರನ್ನು ನಾಲ್ಕು ಬೆರಳು ಉದ್ದಕ್ಕೆ, ಗಂಟಿನ ಕೆಳಗೆ ಕತ್ತರಿಸಿ. ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಊರಿ. ಮಳೆ ನೇರವಾಗಿ ಬೀಳದ ಜಾಗ, ಕೊಟ್ಟಿಗೆಯ ಮಾಡಿನ ಕೆಳಗೆ. ಎರಡು ಮೂರು ವಾರಕ್ಕೆ ಬೇರು ಬಿಡುತ್ತದೆ. ನೂರು ಊರಿದರೆ ಅರವತ್ತು ಬದುಕಬಹುದು. ಅಡಿಕೆ ಹಾಳೆಯ ದೊನ್ನೆಗೆ ಹಾಕಿ, ಮೇಲೆ ಅರಿಶಿನದ ಎಲೆ ಸುತ್ತಿ ಬಾಳೆನಾರಿನಿಂದ ಕಟ್ಟು. ಸ್ಟೀಲ್ ಡಬ್ಬಿ ಎಲ್ಲರ ಮನೆಯಲ್ಲೂ ರಾಶಿ ಇದೆ.

ಸಾಗರದ ಅಕ್ಕ

ನಿನ್ನೆ ಸೀಮಂತ ಮುಗಿಯಿತು. ಹೇಗಾಯಿತು ಎಂದು ನಿಮಗೆಲ್ಲ ಹೇಳಲೇಬೇಕು.

ಶುಕ್ರವಾರ ರಾತ್ರಿಯೇ ಊರಿಗೆ ಬಂದೆ. ಬೆಂಗಳೂರಿನಿಂದ ಹೂವು ತರಲೇ ಇಲ್ಲ, ಅಬ್ಬಲಿಗೆಯನ್ನು ಸಾಗರದ ಪೇಟೆಯಲ್ಲಿ ಹೇಳಿಟ್ಟಿದ್ದೆವು. ಶನಿವಾರ ಸಂಜೆ ನಾನು, ಚಿಕ್ಕಮ್ಮ, ಇಬ್ಬರು ಮಕ್ಕಳು ಬುಟ್ಟಿ ಹಿಡಿದು ಹನ್ನೊಂದು ಮನೆ ತಿರುಗಿದೆವು. 53 ಡೇರೆ ಸಿಕ್ಕಿತು. ಒಬ್ಬ ಅಜ್ಜಿ ತಮ್ಮ ಗಿಡದ ಒಂದೇ ಒಂದು ದೊಡ್ಡ ಬಿಳಿ ಹೂವನ್ನು ತಾವೇ ಕೊಯ್ದು ಕೊಟ್ಟರು. ಬೆನ್ನಿನ ಎಸಳು ನೋಡು ಎಂದಿದ್ದಿರಲ್ಲ ಅತ್ತೆ, ನೋಡಿದೆ, ಗಟ್ಟಿಯಿತ್ತು. ಅದನ್ನು ತಂಗಿಯ ತಲೆಯ ನೇರಕ್ಕೆ ಇಟ್ಟೆ.

ಬಿಸಿ ನೀರಿನ ಉಪಾಯ ಅಮ್ಮ ನಂಬಲಿಲ್ಲ. "ಹೂವು ಬೇಯಿಸ್ತೀಯಾ?" ಎಂದು ಬೈದಳು. ಬೆಳಿಗ್ಗೆ ಬಕೆಟ್ಟು ತೆಗೆದು ನೋಡಿದರೆ ಒಂದೂ ತಲೆ ಬಗ್ಗಿಸಿರಲಿಲ್ಲ. ಇವತ್ತಿಗೂ ಹಾಗೇ ಇವೆ. ಅಮ್ಮ ಈಗ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಾಳೆ.

ಅಂಗಳದಲ್ಲಿ ಮಾಡಿದ್ದು ಮಾತ್ರ ಉಳಿಯಲಿಲ್ಲ. ಹನ್ನೊಂದು ಗಂಟೆಗೆ ಜೋರು ಮಳೆ, ಗಾಳಿ. ಚಪ್ಪರದ ಕಂಬಕ್ಕೆ ಕಟ್ಟಿದ್ದ ಹಿಂಗಾರ ಒದ್ದೆಯಾಗಿ ಜೋತುಬಿತ್ತು. ಹರಿವಾಣವನ್ನು ಜಗಲಿಯ ಒಳಗೆ ಎಳೆದುಕೊಂಡೆವು. ಗೇಟಿಗೆ ಕಟ್ಟಿದ ಬಾಳೆ ಪಕ್ಕದ ಮನೆಯ ದನದ ಪಾಲಾಯಿತು.

ಜಡೆ ಕಾಪುವಿನವರು ಹೇಳಿದ ಹಾಗೇ, ಅಬ್ಬಲಿಗೆ ಮತ್ತು ಮೂರು ಹಳದಿ ಡೇರೆ. ಶಾಸ್ತ್ರಕ್ಕೆ ನಾಲ್ಕು ಮಲ್ಲಿಗೆ ಮೊಗ್ಗು ಮುಡಿಸಿ ಕಾಲು ಗಂಟೆಗೆ ತೆಗೆದೆವು. ಅದಕ್ಕೂ ಮುಂಚೆ ಒಂದು ಮಾತು ಆಯಿತು. ಬಂದ ನೆಂಟರಲ್ಲಿ ಒಬ್ಬರು ಎರಡು ಮಾರು ಮಲ್ಲಿಗೆ ತಂದಿದ್ದರು. ಪ್ರೀತಿಯಿಂದ ತಂದದ್ದು. ಅಮ್ಮನೇ ಎದ್ದು ಹೋಗಿ ಅದನ್ನು ತೆಗೆದುಕೊಂಡು ದೇವರ ಕೋಣೆಯ ಫೋಟೋಗೆ ಹಾಕಿ ಬಾಗಿಲು ಮುಂದೆ ಮಾಡಿ ಬಂದಳು. ಪ್ಲಾಸ್ಟಿಕ್ ಗೋಡೆ ಆಗಲಿ ಎಂದಿದ್ದ ಅಮ್ಮ ಅವಳೇ. ತಂಗಿ ಎರಡು ಹೋಳಿಗೆ ತಿಂದಳು.

ಚಿಗುರು 58 ಬದುಕಿದ್ದವು. ಎಲ್ಲ ಖಾಲಿ. ಬಣ್ಣ ಯಾವುದು ಎಂದು ಎಲ್ಲರೂ ಕೇಳಿದರು. ಕತ್ತರಿಸುವಾಗ ಗುರುತು ಹಾಕಲು ಮರೆತಿದ್ದೆವು, ಅರಳಿದ ಮೇಲೆ ಫೋನ್ ಮಾಡಿ ಎಂದು ಹೇಳಿ ಕಳಿಸಿದೆವು.

ಅತ್ತೆ, ಒಂದು ಕೇಳಬೇಕು. ತಂಗಿ ತಾನೂ ಒಂದು ದೊನ್ನೆ ಎತ್ತಿಟ್ಟುಕೊಂಡಿದ್ದಾಳೆ. ಮಗು ಹುಟ್ಟುವುದು ಅಕ್ಟೋಬರ್ ಕೊನೆಗೆ. ಆಮೇಲೆ ಗೆಡ್ಡೆಯನ್ನು ಹೇಗೆ ಉಳಿಸಿಕೊಳ್ಳುವುದು?

ಡೇರೆ ಅತ್ತೆ

ಹೋಳಿಗೆ ತಿಂದಳು ಎನ್ನುವುದನ್ನು ಓದಿ ಸಂತೋಷ ಆಯಿತು.

ಅವಳು ಏನೂ ಮಾಡಬೇಕಾಗಿಲ್ಲ, ಬಾಣಂತನದಲ್ಲಿ ಇರಲಿ. ಮಳೆ ನಿಂತ ಮೇಲೆ ಗಿಡ ತಾನಾಗಿ ಹಳದಿ ತಿರುಗಿ ಒಣಗುತ್ತದೆ. ಪೂರ್ತಿ ಒಣಗುವವರೆಗೆ ಬಿಡಿ. ಆಮೇಲೆ ಒಂದು ಗೇಣು ದಂಟು ಉಳಿಸಿ ಕತ್ತರಿಸಿ, ಸುತ್ತಲೂ ಬಿಡಿಸಿ ಗೆಡ್ಡೆ ಎತ್ತಿ. ಎಳೆದು ಕೀಳಬೇಡಿ, ಕತ್ತು ಮುರಿದರೆ ಮುಗಿಯಿತು. ಚಿಗುರಿನಿಂದ ಬಂದ ಗಿಡಕ್ಕೆ ಮೊದಲ ವರ್ಷ ಗೆಡ್ಡೆ ಸಣ್ಣದೇ ಇರುತ್ತದೆ, ಹೆದರಬೇಡಿ. ನೆರಳಿನಲ್ಲಿ ಎರಡು ದಿನ ಆರಿಸಿ, ಒಣ ಮರಳಿನಲ್ಲಿ ಮುಚ್ಚಿ ಅಟ್ಟದ ಮೇಲೆ ಇಡಿ. ತಿಂಗಳಿಗೊಮ್ಮೆ ಕೈ ಹಾಕಿ ನೋಡಿ, ಕೊಳೆತದ್ದು ಇದ್ದರೆ ತೆಗೆಯಿರಿ.

ಮೇ ಕೊನೆಗೆ ನೆಡುವಾಗ ಕತ್ತಿನ ಹತ್ತಿರ ಕಣ್ಣು ಇದೆಯಾ ನೋಡಿ. ಕಣ್ಣಿಲ್ಲದ ಗೆಡ್ಡೆ ಎಷ್ಟು ದಪ್ಪ ಇದ್ದರೂ ಚಿಗುರುವುದಿಲ್ಲ. ಆಗ ಮಗುವಿಗೆ ಏಳು ತಿಂಗಳು, ಅಂಗಳಕ್ಕೆ ಎತ್ತಿಕೊಂಡು ಬರಬಹುದು. ನಿಮ್ಮಲ್ಲಿ ನೇರಳೆ ಇಲ್ಲ ಅನಿಸುತ್ತದೆ. ದೊಡ್ಡತ್ತೆ ಡೇರೆಯದು ಒಂದು ಗೆಡ್ಡೆ ತೆಗೆದಿಟ್ಟಿರುತ್ತೇನೆ. ಸಿದ್ದಾಪುರದ ಕಡೆ ಬಂದಾಗ ತಿಳಿಸು.